ಒಬ್ಬರಿಗೆ ಒಂದೇ ಬಹುಮಾನ ಅಂದಾಗ ಲೆಕ್ಕ ಹೇಗೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಅಂಗಡಿಯ ಲಕ್ಕಿ ಡ್ರಾ, ಹಳ್ಳಿಗಳ ಸಮೀಕ್ಷೆ, ಕಂಪ್ಯೂಟರ್ ಪ್ರೋಗ್ರಾಂ, ಅಮೆರಿಕದ ಬ್ಯಾಸ್ಕೆಟ್‌ಬಾಲ್. ಈ ಸಲ ಬಂದ ಪತ್ರಗಳ ವಿಷಯ ಇಷ್ಟು ಬೇರೆ ಬೇರೆ ಇದ್ದರೂ ಒಳಗಿರುವ ಗಂಟು ಒಂದೇ. ಎಲ್ಲರ ತೂಕ, ಅಂದರೆ ಹೆಸರು ಬರುವ ಅವಕಾಶದ ಪ್ರಮಾಣ, ಸಮ ಇಲ್ಲ, ಒಮ್ಮೆ ಹೆಸರು ಬಂದವರು ಮತ್ತೆ ಬರುವ ಹಾಗಿಲ್ಲ. ಹಾಗಿದ್ದಾಗ ಯಾರಿಗೆ ಎಷ್ಟು ಸಾಧ್ಯತೆ? ಆದ್ದರಿಂದ ಎಲ್ಲ ಪತ್ರಗಳಿಗೂ ಒಟ್ಟಿಗೇ ಉತ್ತರ ಬರೆದಿದ್ದೇವೆ. ಮೊದಲ ಪ್ರಶ್ನೆಯ ನಾಲ್ಕು ಗಿರಾಕಿಗಳು ಕೊನೆಯವರೆಗೂ ಜೊತೆಗಿರುತ್ತಾರೆ.

ಪ್ರಶ್ನೆ: ನಮ್ಮದು ಬಟ್ಟೆ ಅಂಗಡಿ. ಹಬ್ಬಕ್ಕೆ ಸಾವಿರ ರೂಪಾಯಿ ಖರೀದಿಗೆ ಒಂದು ಕೂಪನ್ ಕೊಡುತ್ತೇವೆ. ಬಹುಮಾನ ಎರಡು, ಆದರೆ ಒಬ್ಬರಿಗೆ ಒಂದೇ. ಲೆಕ್ಕ ತಿಳಿಯಲು ನಾಲ್ಕೇ ಜನ ಅಂದುಕೊಂಡೆವು: ಹೋಟೆಲಿನವರ ಬಳಿ 4 ಕೂಪನ್, ಟೈಲರ್ ಬಳಿ 3, ಮೇಷ್ಟ್ರ ಬಳಿ 2, ಅಜ್ಜಿಯ ಬಳಿ 1. ಹೋಟೆಲಿನವರಿಗೆ ಬಹುಮಾನ ಸಿಗುವ ಸಾಧ್ಯತೆ ಶೇ. 80 ಅಂತ ಮಗ, ಶೇ. 64 ಅಂತ ಲೆಕ್ಕ ಬರೆಯುವವರು. ಯಾರು ಸರಿ? (ಹಾವೇರಿ)

ಇಬ್ಬರದೂ ತಪ್ಪು. ಸರಿ ಉತ್ತರ ಶೇ. 71.59.

ಮಗ 10ರಲ್ಲಿ 4 ಅಂದರೆ 0.4, ಎರಡು ಸಲ ಎತ್ತುವುದರಿಂದ 0.4 + 0.4 ಅಂತ ಕೂಡಿದ್ದಾನೆ. ಇದೇ ದಾರಿಯಲ್ಲಿ ಮೂರು ಬಹುಮಾನ ಇಟ್ಟರೆ 1.2 ಬರುತ್ತದೆ. ಸಾಧ್ಯತೆ 1ನ್ನು ದಾಟುವುದಿಲ್ಲ, ಅಲ್ಲಿಗೇ ಈ ದಾರಿ ಬಿದ್ದುಹೋಯಿತು. ಲೆಕ್ಕ ಬರೆಯುವವರು ಹೋಟೆಲಿನವರಿಗೆ ಎರಡು ಸಲವೂ ತಪ್ಪಿಹೋಗುವ ಸಾಧ್ಯತೆ 0.6 × 0.6 = 0.36, ಅದನ್ನು 1ರಲ್ಲಿ ಕಳೆದರೆ 0.64 ಅಂದಿದ್ದಾರೆ. ಮೊದಲು ಬಂದ ಕೂಪನ್ನನ್ನು ಮತ್ತೆ ಡಬ್ಬಕ್ಕೆ ಹಾಕಿ, ಒಬ್ಬರೇ ಎರಡೂ ಬಹುಮಾನ ಹೊಡೆಯಬಹುದು ಅಂತಿದ್ದರೆ ಅದು ಸರಿ. ನಿಮ್ಮ ನಿಯಮ ಹಾಗಿಲ್ಲ.

ಸರಿಯಾದ ದಾರಿ ಹೀಗೆ. ಮೊದಲ ಬಹುಮಾನ ಯಾರದು ಅನ್ನುವುದರ ಮೇಲೆ ಎರಡನೆಯ ಸಲದ ಛೇದ ಬದಲಾಗುತ್ತದೆ. ಟೈಲರ್ ಗೆದ್ದರೆ ಅವರ ಮೂರೂ ಕೂಪನ್ ಆಟದಿಂದ ಹೊರಗೆ, ಉಳಿಯುವುದು 7. ಮೇಷ್ಟ್ರು ಗೆದ್ದರೆ 8. ಅಜ್ಜಿ ಗೆದ್ದರೆ 9. ಹೋಟೆಲಿನವರ ಪಾಲಿಗೆ ನಾಲ್ಕು ದಾರಿಗಳಿವೆ:

ಮೊದಲ ಸಲವೇ ಬರುವುದು: 4/10 = 0.4000
ಮೊದಲು ಟೈಲರ್, ಆಮೇಲೆ ಇವರು: 3/10 × 4/7 = 0.1714
ಮೊದಲು ಮೇಷ್ಟ್ರು, ಆಮೇಲೆ ಇವರು: 2/10 × 4/8 = 0.1000
ಮೊದಲು ಅಜ್ಜಿ, ಆಮೇಲೆ ಇವರು: 1/10 × 4/9 = 0.0444

ಕೂಡಿದರೆ 0.7159. ಇದೇ ರೀತಿ ಟೈಲರ್‌ಗೆ 0.6083, ಮೇಷ್ಟ್ರಿಗೆ 0.4413, ಅಜ್ಜಿಗೆ 0.2345. ನಾಲ್ಕನ್ನೂ ಕೂಡಿ ನೋಡಿ, 2 ಬರುತ್ತದೆ. ಬಹುಮಾನ ಎರಡು ಇರುವಾಗ ಮೊತ್ತ 2 ಬರಲೇಬೇಕು. ತಾಳೆ ನೋಡಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಮೊತ್ತ 1.97 ಬಂದರೂ ಎಲ್ಲೋ ಒಂದು ದಾರಿಯನ್ನು ಬಿಟ್ಟಿದ್ದೀರಿ ಅಂತಲೇ ಅರ್ಥ. ಆದರೆ ಮೊತ್ತ ಸರಿ ಬಂದ ಮಾತ್ರಕ್ಕೆ ಲೆಕ್ಕವೂ ಸರಿ ಅಂದುಕೊಳ್ಳಬೇಡಿ, ಮಗನ 0.8, 0.6, 0.4, 0.2 ಕೂಡ 2 ಆಗುತ್ತದೆ.

ಹೋಟೆಲಿನವರ ಕೂಪನ್ ಅಜ್ಜಿಯದರ ನಾಲ್ಕರಷ್ಟು, ಆದರೆ ಸಾಧ್ಯತೆ ಮೂರರಷ್ಟು ಮಾತ್ರ. ದೊಡ್ಡ ತೂಕದವರು ಮೊದಲೇ ಬಂದು ಹೊರಗೆ ಹೋಗುವುದು ಹೆಚ್ಚು. ಅವರು ಹೋದಾಗ ಛೇದ ಬಹಳ ಕುಗ್ಗುತ್ತದೆ, ಉಳಿದ ಸಣ್ಣವರಿಗೆ ಜಾಗ ಸಿಗುತ್ತದೆ. ಬಹುಮಾನ ಹೆಚ್ಚಿದಷ್ಟೂ ಈ ಅಂತರ ಕರಗುತ್ತ ಹೋಗಿ, ನಾಲ್ಕು ಜನಕ್ಕೆ ನಾಲ್ಕು ಬಹುಮಾನ ಇಟ್ಟಾಗ ಎಲ್ಲರದೂ 1.

ಪ್ರಶ್ನೆ: ಎರಡನೆಯ ಬಹುಮಾನ ಬರುವ ಸಾಧ್ಯತೆಯೂ ಮೊದಲನೆಯದರಷ್ಟೇ ಅಂತ ಪಿಯುಸಿಯಲ್ಲಿ ಕಲಿಸುತ್ತಾರಲ್ಲ? (ತುಮಕೂರು)

ಅಲ್ಲಿ ಕಲಿಸುವುದು ಒಂದೊಂದು ಚೀಟಿಯ ಲೆಕ್ಕ. ಹತ್ತು ಚೀಟಿಯನ್ನು ಒಂದೊಂದಾಗಿ ಎತ್ತಿದರೆ ಯಾವ ಚೀಟಿಯೇ ಆಗಲಿ ಎರಡನೆಯದಾಗಿ ಬರುವ ಸಾಧ್ಯತೆ 1/10 ಅನ್ನುವುದು ನಿಜ. ಒಬ್ಬರು ಗೆದ್ದ ಕೂಡಲೇ ಅವರ ಎಲ್ಲ ಚೀಟಿ ರದ್ದಾಗುವ ನಿಯಮದಲ್ಲಿ ಆ ಸಮತೆ ಮುರಿಯುತ್ತದೆ. ಮೇಲಿನ ಲೆಕ್ಕದಲ್ಲಿ ಎರಡನೆಯ ಬಹುಮಾನದ ಸಾಧ್ಯತೆ ಹೋಟೆಲಿನವರಿಗೆ 0.3159, ಟೈಲರ್‌ಗೆ 0.3083, ಮೇಷ್ಟ್ರಿಗೆ 0.2413, ಅಜ್ಜಿಗೆ 0.1345. ಮೊದಲ ಬಹುಮಾನಕ್ಕೆ ಹೋಟೆಲ್ ಮತ್ತು ಟೈಲರ್ ನಡುವೆ ಶೇಕಡಾ ಹತ್ತು ಅಂಶದ ಅಂತರ ಇತ್ತು, ಇಲ್ಲಿ ಒಂದು ಅಂಶಕ್ಕೂ ಕಡಿಮೆ.

ಪ್ರಶ್ನೆ: ಮಗುವಿನ ಕೈಯಲ್ಲಿ ಎರಡು ಚೀಟಿಯನ್ನು ಒಟ್ಟಿಗೇ ಎತ್ತಿಸುತ್ತೇವೆ. ಎರಡೂ ಒಬ್ಬರದೇ ಆದರೆ ಎರಡನ್ನೂ ವಾಪಸ್ ಹಾಕಿ ಮತ್ತೆ ಎತ್ತಿಸುತ್ತೇವೆ. ಒಂದೊಂದಾಗಿ ಎತ್ತಿದರೂ ಇದೂ ಒಂದೇ ತಾನೆ? (ಶಿರಸಿ)

ಒಂದೇ ಅಲ್ಲ. ಜನ ಎಡವುವುದು ಹೆಚ್ಚಾಗಿ ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿ ನೋಡೋಣ.

10 ಚೀಟಿಯಲ್ಲಿ ಎರಡನ್ನು ಒಟ್ಟಿಗೆ ಎತ್ತುವ ಜೋಡಿಗಳು 45. ಎರಡೂ ಹೋಟೆಲಿನವರದೇ ಆಗುವ ಜೋಡಿ 6, ಟೈಲರ್‌ದೇ ಆಗುವುದು 3, ಮೇಷ್ಟ್ರದೇ ಆಗುವುದು 1. ಈ 10 ಜೋಡಿಗಳನ್ನು ನೀವು ರದ್ದು ಮಾಡುತ್ತೀರಿ, ಉಳಿಯುವುದು 35. ಅದರಲ್ಲಿ ಹೋಟೆಲ್–ಟೈಲರ್ 12, ಹೋಟೆಲ್–ಮೇಷ್ಟ್ರು 8, ಹೋಟೆಲ್–ಅಜ್ಜಿ 4, ಟೈಲರ್–ಮೇಷ್ಟ್ರು 6, ಟೈಲರ್–ಅಜ್ಜಿ 3, ಮೇಷ್ಟ್ರು–ಅಜ್ಜಿ 2. ಹೋಟೆಲಿನವರಿಗೆ 24/35, ಅಂದರೆ 0.6857. ಟೈಲರ್‌ಗೆ 21/35 = 0.6000, ಮೇಷ್ಟ್ರಿಗೆ 16/35 = 0.4571, ಅಜ್ಜಿಗೆ 9/35 = 0.2571.

ಒಂದೊಂದಾಗಿ ಎತ್ತಿದಾಗ ಹೋಟೆಲಿನವರಿಗೆ 0.7159 ಇತ್ತು. ಮೂರು ಅಂಶ ಎಲ್ಲಿ ಹೋಯಿತು? ಅವರ ಚೀಟಿ ಎರಡು ಸಲ ಬಂದಾಗ ಒಂದೊಂದಾಗಿ ಎತ್ತುವ ಪದ್ಧತಿಯಲ್ಲಿ ಮೊದಲನೆಯದು ಗೆದ್ದ ಚೀಟಿಯಾಗಿ ಉಳಿಯುತ್ತದೆ, ಎರಡನೆಯದನ್ನಷ್ಟೇ ಪಕ್ಕಕ್ಕಿಡುತ್ತೇವೆ. ನಿಮ್ಮ ಪದ್ಧತಿಯಲ್ಲಿ ಅವರು ಗೆದ್ದದ್ದೂ ಹೋಗುತ್ತದೆ. ಹೆಚ್ಚು ಚೀಟಿ ಇರುವವರಿಗೇ ಹೀಗಾಗುವುದು ಹೆಚ್ಚು.

ಮೂರನೆಯ ಪದ್ಧತಿಯೂ ಇದೆ: ಗೆದ್ದ ಚೀಟಿಯನ್ನು ಮಾತ್ರ ತೆಗೆದಿಟ್ಟು, ಒಬ್ಬರಿಗೇ ಎರಡೂ ಬಂದರೆ ಬರಲಿ ಅನ್ನುವುದು. ಆಗ ಹೋಟೆಲಿನವರಿಗೆ ಕನಿಷ್ಠ ಒಂದಾದರೂ ಸಿಗುವ ಸಾಧ್ಯತೆ 1 − (6 × 5)/(10 × 9), ಅಂದರೆ 0.6667. ಅಜ್ಜಿಗೆ 0.2. ಸರಾಸರಿ ಎಷ್ಟು ಬಹುಮಾನ ಅಂತ ಕೇಳಿದರೆ ಈ ಮೂರರ ಪೈಕಿ ಈ ಪದ್ಧತಿಯಲ್ಲಿ ಮಾತ್ರ 0.8, 0.6, 0.4, 0.2 ಅನ್ನುವ ಮಗನ ಲೆಕ್ಕ ಕೂತುಕೊಳ್ಳುತ್ತದೆ.

ಮೂರು ಪದ್ಧತಿ, ಮೂರು ಉತ್ತರ. ಆದ್ದರಿಂದ ಕರಪತ್ರದಲ್ಲಿ ‘ಒಬ್ಬರಿಗೆ ಒಂದೇ ಬಹುಮಾನ’ ಅಂತ ಹಾಕಿದರೆ ಸಾಲದು. ‘ಒಂದೊಂದೇ ಚೀಟಿ ಎತ್ತಲಾಗುವುದು, ಈಗಾಗಲೇ ಗೆದ್ದವರ ಚೀಟಿ ಮತ್ತೆ ಬಂದರೆ ಅದನ್ನು ಪಕ್ಕಕ್ಕಿಟ್ಟು ಮುಂದಿನದನ್ನು ಎತ್ತಲಾಗುವುದು’ ಅನ್ನುವಷ್ಟಾದರೂ ಇರಲಿ. ಗೆದ್ದವರ ಚೀಟಿಗಳನ್ನೆಲ್ಲ ಡಬ್ಬದಿಂದ ಹುಡುಕಿ ತೆಗೆಯುವ ಅಗತ್ಯವಿಲ್ಲ. ಬಂದಾಗ ಪಕ್ಕಕ್ಕಿಟ್ಟರೂ ಲೆಕ್ಕ ಅದೇ.

ಪ್ರಶ್ನೆ: ಒಬ್ಬ ಸಗಟು ಗಿರಾಕಿಯ ಬಳಿಯೇ 20 ಕೂಪನ್, ಉಳಿದ 20 ಜನರ ಬಳಿ ಒಂದೊಂದು. ಮೂರು ಬಹುಮಾನ. ಪ್ರತಿಯೊಂದು ದಾರಿಯನ್ನೂ ಬರೆಯುತ್ತಾ ಕೂತರೆ ಮುಗಿಯುವುದಿಲ್ಲ. (ದಾವಣಗೆರೆ)

ಬರೆಯಬೇಕಾಗಿಲ್ಲ. ಉಳಿದವರೆಲ್ಲರ ತೂಕ ಸಮ ಇರುವಾಗ ‘ಸಿಗದಿರುವ’ ಲೆಕ್ಕ ಒಂದೇ ಸಾಲಿನದು, ಏಕೆಂದರೆ ಯಾರೇ ಗೆದ್ದರೂ ಛೇದದಲ್ಲಿ ಒಂದೇ ಕಡಿಮೆಯಾಗುತ್ತದೆ. ಸಗಟಿನವರಿಗೆ ಮೂರೂ ತಪ್ಪಿಹೋಗುವ ಸಾಧ್ಯತೆ 20/40 × 19/39 × 18/38 = 3/26. ಸಿಗುವ ಸಾಧ್ಯತೆ 23/26, ಅಂದರೆ ಶೇ. 88.46. ಮೂರರಲ್ಲಿ 0.8846 ಕಳೆದರೆ ಉಳಿಯುವ 2.1154ನ್ನು ಇಪ್ಪತ್ತು ಜನ ಸಮನಾಗಿ ಹಂಚಿಕೊಳ್ಳುತ್ತಾರೆ. ಒಬ್ಬೊಬ್ಬರಿಗೆ ಶೇ. 10.58. ಕೂಪನ್ ಇಪ್ಪತ್ತು ಪಟ್ಟು, ಸಾಧ್ಯತೆ ಎಂಟು ಪಟ್ಟಿಗಿಂತ ಸ್ವಲ್ಪ ಹೆಚ್ಚು.

ಈ ಉಪಾಯವನ್ನು ನಾಲ್ಕು ಜನರ ಲೆಕ್ಕಕ್ಕೆ ಹಚ್ಚಬೇಡಿ. ಅಲ್ಲಿ ಹೋಟೆಲಿನವರನ್ನು ಬಿಟ್ಟು ಉಳಿದವರ ತೂಕ 3, 2, 1. ಯಾರು ಮೊದಲು ಹೋದರು ಅನ್ನುವುದರ ಮೇಲೆ ಛೇದ ಬೇರೆ ಬೇರೆ, ಒಂದೇ ಸಾಲಿನ ಗುಣಾಕಾರ ನಡೆಯುವುದಿಲ್ಲ.

ಪ್ರಶ್ನೆ: ತೂಕ ಅಂದರೆ ಪೂರ್ಣಸಂಖ್ಯೆಯೇ ಇರಬೇಕೆ? ಒಟ್ಟು 1 ಬರಬೇಕೆ? (ಕೊಪ್ಪಳ)

ಎರಡೂ ಬೇಡ. 2.5, 0.7, ಏನಿದ್ದರೂ ನಡೆಯುತ್ತದೆ, ಅನುಪಾತ ಒಂದೇ ಮುಖ್ಯ. ಸೊನ್ನೆ ತೂಕದವರನ್ನು ಮಾತ್ರ ಮೊದಲೇ ಪಟ್ಟಿಯಿಂದ ತೆಗೆಯಿರಿ, ಇಲ್ಲದಿದ್ದರೆ ಮುಂದೆ ಸೊನ್ನೆಯಿಂದ ಭಾಗಿಸುವ ಪ್ರಸಂಗ ಬರುತ್ತದೆ.

ಪ್ರಶ್ನೆ: ಎಲ್ಲರ ತೂಕವೂ ಬೇರೆ, ಜನ 40, ಬಹುಮಾನ 3. ಅಥವಾ ಜನ ಸಾವಿರ, ಬಹುಮಾನ ಐವತ್ತು. ಆಗ? (ಎಂಎಸ್ಸಿ ವಿದ್ಯಾರ್ಥಿನಿ, ಮೈಸೂರು)

ಮೊದಲನೆಯದಕ್ಕೆ ಗುಂಪುಗಳ ಲೆಕ್ಕ ಸಾಕು. ಯಾವ ಕ್ರಮದಲ್ಲಿ ಗೆದ್ದರು ಅನ್ನುವುದನ್ನು ಮರೆತು, ಯಾರು ಯಾರು ಗೆದ್ದ ಗುಂಪು ಅನ್ನುವುದನ್ನಷ್ಟೇ ನೆನಪಿಡಿ. ಒಂದು ಗುಂಪಿನ ಸಾಧ್ಯತೆ ಬೇಕಾದರೆ ಅದರಲ್ಲಿ ಒಬ್ಬೊಬ್ಬರನ್ನೂ ‘ಕೊನೆಗೆ ಬಂದವರು’ ಅಂದುಕೊಂಡು, ಅವರಿಲ್ಲದ ಗುಂಪಿನ ಸಾಧ್ಯತೆಯನ್ನು ಅವರ ತೂಕದಿಂದ ಗುಣಿಸಿ, ಆಗ ಉಳಿದಿದ್ದ ಒಟ್ಟು ತೂಕದಿಂದ ಭಾಗಿಸಿ, ಎಲ್ಲವನ್ನೂ ಕೂಡಿ. ಹೋಟೆಲ್–ಟೈಲರ್ ಗುಂಪಿಗೆ 0.4 × 3/6 + 0.3 × 4/7 = 0.3714. 40 ಜನರಲ್ಲಿ ಮೂವರ ಗುಂಪು 9,880 ಮಾತ್ರ. ಸಾಮಾನ್ಯ ಲ್ಯಾಪ್‌ಟಾಪ್‌ಗೆ ಕಣ್ಣು ಮಿಟುಕಿಸುವಷ್ಟು ಕೆಲಸ. ಜನ 20 ಇದ್ದು ಎಷ್ಟೇ ಬಹುಮಾನ ಇದ್ದರೂ ಗುಂಪು 10,48,576 ದಾಟುವುದಿಲ್ಲ, ಅದೂ ನಡೆಯುತ್ತದೆ. ಸಾವಿರ ಜನ, ಐವತ್ತು ಬಹುಮಾನಕ್ಕೆ ಈ ದಾರಿ ಮುಚ್ಚಿದೆ.

ಅಲ್ಲಿ ಗಡಿಯಾರದ ದಾರಿ ಹಿಡಿಯಬೇಕು. ಪ್ರತಿಯೊಬ್ಬರ ಕೈಯಲ್ಲೂ ಒಂದು ಅಲಾರಂ ಇದೆ ಅಂದುಕೊಳ್ಳಿ. ಅದು ಹೊಡೆಯುವ ಹೊತ್ತು ಘಾತೀಯ (ಎಕ್ಸ್‌ಪೊನೆನ್ಷಿಯಲ್) ವಿತರಣೆಯಲ್ಲಿದೆ, ಅದರ ದರ ಅವರ ತೂಕ. ಯಾರ ಅಲಾರಂ ಮೊದಲು ಹೊಡೆಯುತ್ತದೋ ಅವರಿಗೆ ಮೊದಲ ಬಹುಮಾನ, ನಂತರ ಹೊಡೆದವರಿಗೆ ಎರಡನೆಯದು. ಘಾತೀಯ ವಿತರಣೆಗೆ ಹಿಂದಿನದರ ನೆನಪಿಲ್ಲ, ಆದ್ದರಿಂದ ಅಲಾರಂ ಹೊಡೆಯುವ ಕ್ರಮವೂ ಚೀಟಿ ಒಂದೊಂದಾಗಿ ಎತ್ತುವ ಕ್ರಮವೂ ತದ್ರೂಪು. ಲಾಭ ಏನೆಂದರೆ ಅಲಾರಂಗಳು ಒಂದಕ್ಕೊಂದು ಸ್ವತಂತ್ರ. ಬದಲಾಗುವ ಛೇದದ ಕಾಟವೇ ಹೋಯಿತು.

ಅಜ್ಜಿಯನ್ನೇ ತೆಗೆದುಕೊಳ್ಳಿ. ಮೂರು ಬಹುಮಾನ ಇದ್ದರೆ ಅಜ್ಜಿಗೆ ಸಿಗದಿರುವ ಸಾಧ್ಯತೆ ಎಷ್ಟು? ಅಂದರೆ ಅಜ್ಜಿಯ ಅಲಾರಂ ಎಲ್ಲರಿಗಿಂತ ಕೊನೆಗೆ ಹೊಡೆಯಬೇಕು. ಅಜ್ಜಿಯ ಅಲಾರಂ ಇನ್ನೂ ಹೊಡೆಯದಿರುವ ಸಾಧ್ಯತೆಯನ್ನು ಉ ಅನ್ನೋಣ. ಅದೇ ಹೊತ್ತಿಗೆ ಹೋಟೆಲಿನವರದು ಹೊಡೆಯದಿರುವ ಸಾಧ್ಯತೆ ಉ⁴, ಟೈಲರ್‌ದು ಉ³, ಮೇಷ್ಟ್ರದು ಉ². ಮೂರೂ ಹೊಡೆದು ಮುಗಿದಿರುವ ಸಾಧ್ಯತೆ (1 − ಉ⁴)(1 − ಉ³)(1 − ಉ²). ಇದನ್ನು ಉ ಸೊನ್ನೆಯಿಂದ ಒಂದರವರೆಗೆ ಅನುಕಲಿಸಿ (ಇಂಟಿಗ್ರೇಟ್ ಮಾಡಿ):

1 − (1/5 + 1/4 + 1/3) + (1/8 + 1/7 + 1/6) − 1/10 = 0.5512

ಆರು ಕ್ರಮಗಳನ್ನೂ ಒಂದೊಂದಾಗಿ ಬರೆದು ಕೂಡಿದರೂ ಇದೇ 0.5512 ಬರುತ್ತದೆ, ಮಾಡಿ ನೋಡಿ. ಅಜ್ಜಿಗೆ ಸಿಗುವ ಸಾಧ್ಯತೆ 0.4488. ಭಿನ್ನರಾಶಿಗಳನ್ನು ಗಮನಿಸಿ: 1/5 ಅಂದರೆ ಅಜ್ಜಿ ಹೋಟೆಲಿನವರಿಗಿಂತ ಮೊದಲು ಬರುವ ಸಾಧ್ಯತೆ (1ಕ್ಕೆ 4), 1/8 ಅಂದರೆ ಹೋಟೆಲ್, ಟೈಲರ್ ಇಬ್ಬರಿಗಿಂತಲೂ ಮೊದಲು ಬರುವುದು.

ಸಾವಿರ ಜನ ಇದ್ದಾಗ ಈ ಸರಣಿಯನ್ನು ಬಿಡಿಸಿ ಬರೆಯಬೇಡಿ. ಪದಗಳು ವಿಪರೀತ ಆಗುತ್ತವೆ, ಪ್ಲಸ್ ಮೈನಸ್ ಪರಸ್ಪರ ಹೊಡೆದುಹಾಕುವಾಗ ಕಂಪ್ಯೂಟರಿನ ದಶಮಾಂಶಗಳೂ ಕೆಟ್ಟುಹೋಗುತ್ತವೆ. ಬದಲಿಗೆ ‘ಉ’ವಿನ ಸೊನ್ನೆಯಿಂದ ಒಂದರವರೆಗಿನ ಹರವನ್ನು ಇನ್ನೂರು ಭಾಗ ಮಾಡಿ, ಪ್ರತಿ ಬೆಲೆಯಲ್ಲೂ ‘ಉಳಿದವರಲ್ಲಿ ಕನಿಷ್ಠ ಐವತ್ತು ಅಲಾರಂ ಹೊಡೆದಿರುವ’ ಸಾಧ್ಯತೆಯನ್ನು ಒಬ್ಬೊಬ್ಬರನ್ನೇ ಸೇರಿಸುತ್ತಾ ಲೆಕ್ಕಹಾಕಿ, ರೇಖೆಯ ಕೆಳಗಿನ ವಿಸ್ತೀರ್ಣ ಕಂಡುಹಿಡಿಯುವ ಸಿಂಪ್ಸನ್ ನಿಯಮದಿಂದ ಕೂಡಿ. ನಂತರ ಭಾಗಗಳನ್ನು ನಾನೂರಕ್ಕೆ ಏರಿಸಿ ನೋಡಿ. ನಾಲ್ಕನೆಯ ದಶಮಾಂಶ ಅಲುಗದಿದ್ದರೆ ಸಾಕು. ಒಬ್ಬರ ತೂಕ ಉಳಿದವರಿಗಿಂತ ತೀರಾ ಹೆಚ್ಚೋ ಕಡಿಮೆಯೋ ಇದ್ದಾಗ ರೇಖೆ ಒಂದು ತುದಿಯಲ್ಲಿ ಕಡಿದಾಗುತ್ತದೆ, ಅಲ್ಲಿ ಬೆಲೆಗಳನ್ನು ಒತ್ತಾಗಿ ಇಡಬೇಕು.

ಅಷ್ಟು ನಿಖರತೆ ಬೇಡ ಅಂದರೆ ಅಂದಾಜಿನ ದಾರಿಯೂ ಇದೆ. ಹೊಡೆದ ಅಲಾರಂಗಳ ಸರಾಸರಿ ಸಂಖ್ಯೆ ಬಹುಮಾನದ ಸಂಖ್ಯೆಗೆ ಸರಿಯಾಗುವ ಹೊತ್ತನ್ನು ಹುಡುಕಿ, ಆ ಹೊತ್ತಿಗೆ ಒಬ್ಬೊಬ್ಬರ ಸಾಧ್ಯತೆ ಓದಿಕೊಳ್ಳಿ. ನಮ್ಮ ನಾಲ್ವರಿಗೆ, ಎರಡು ಬಹುಮಾನಕ್ಕೆ ಇದು ಕೊಡುವುದು 0.698, 0.593, 0.451, 0.259. ನಿಜವಾದದ್ದು 0.716, 0.608, 0.441, 0.235. ನಾಲ್ಕೇ ಜನಕ್ಕೆ ಎರಡು ಅಂಶದಷ್ಟು ತಪ್ಪಿದೆ, ಜನ ಹೆಚ್ಚಿದಂತೆ ಈ ತಪ್ಪು ಕುಗ್ಗುತ್ತದೆ.

ಕಂಪ್ಯೂಟರಿನಲ್ಲಿ ಡ್ರಾವನ್ನೇ ಮತ್ತೆ ಮತ್ತೆ ಆಡಿಸಿ ಎಣಿಸುವುದು ಇನ್ನೊಂದು ದಾರಿ. ಹತ್ತು ಸಾವಿರ ಸಲ ಆಡಿಸಿದರೆ 0.5ರ ಸುತ್ತಲಿನ ಸಾಧ್ಯತೆಯ ಮಾನಕ ದೋಷ (ಉತ್ತರ ಸಾಮಾನ್ಯವಾಗಿ ಆಚೀಚೆ ಆಗುವ ಮಟ್ಟ) 0.005, ಲಕ್ಷ ಸಲ ಆಡಿಸಿದರೆ 0.0016. ಮೂರನೆಯ ದಶಮಾಂಶವನ್ನು ನಂಬಬೇಕಾದರೆ ಲಕ್ಷವೂ ಸಾಲದು.

ಪ್ರಶ್ನೆ: ಪೈಥಾನ್ ಪ್ರೋಗ್ರಾಂ ಭಾಷೆಯ ಲೆಕ್ಕದ ಸಲಕರಣೆ ನಂಪೈಯಲ್ಲಿ ತೂಕ ಕೊಟ್ಟು, ಬಂದ ಹೆಸರು ಮತ್ತೆ ಬಾರದಂತೆ ‘ರಿಪ್ಲೇಸ್ ಫಾಲ್ಸ್’ ಹಾಕಿ ಎರಡೆರಡು ಹೆಸರು ತೆಗೆದೆ. ಲಕ್ಷ ಸಲ ಓಡಿಸಿದರೂ ಎಣಿಕೆ 4:3:2:1 ಅನುಪಾತಕ್ಕೆ ಬರುತ್ತಿಲ್ಲ. ಇದು ಬಗ್ ಅಲ್ಲವೆ? (ಬೆಂಗಳೂರು)

ಬಗ್ ಅಲ್ಲ. ಅದು ಒಂದೊಂದಾಗಿ ಎತ್ತುವ ಪದ್ಧತಿಯನ್ನೇ ಮಾಡುತ್ತಿದೆ, ನಿಮ್ಮ ಎಣಿಕೆ 0.716, 0.608, 0.441, 0.235ರ ಸುತ್ತ ಇರಬೇಕು. ಆರ್ ಭಾಷೆಯ ‘ಸ್ಯಾಂಪಲ್’ ಕೂಡ ಹೀಗೆಯೇ. ಕೊಟ್ಟ ತೂಕ ಪ್ರತಿ ಎತ್ತುವಿಕೆಗೆ ಅನ್ವಯ, ಕೊನೆಯಲ್ಲಿ ಬರುವ ಸೇರ್ಪಡೆಯ ಪ್ರಮಾಣಕ್ಕೆ, ಅಂದರೆ ಆಯ್ಕೆಯಾದವರಲ್ಲಿ ಒಬ್ಬರಾಗುವ ಒಟ್ಟು ಸಾಧ್ಯತೆಗೆ ಅಲ್ಲ.

ನಿಜವಾದ ತಪ್ಪು ನಮಗೆ ಬೇರೆ ಕಡೆ ಕಾಣುತ್ತದೆ. ಎಸ್‌ಕ್ಯೂಎಲ್‌ನಲ್ಲೋ ಎಕ್ಸೆಲ್‌ನಲ್ಲೋ ಯಾದೃಚ್ಛಿಕ (ರ‍್ಯಾಂಡಮ್) ಸಂಖ್ಯೆಯನ್ನು ತೂಕದಿಂದ ಗುಣಿಸಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಮೇಲಿನವರನ್ನು ಆರಿಸುತ್ತಾರೆ. ನೋಡಲು ಸರಿ ಅನ್ನಿಸುತ್ತದೆ. ತೂಕ 2 ಮತ್ತು 1 ಇರುವ ಇಬ್ಬರಲ್ಲಿ ಇದನ್ನು ಮಾಡಿದರೆ ದೊಡ್ಡವರು ಗೆಲ್ಲುವುದು 3/4 ಸಲ, ಗೆಲ್ಲಬೇಕಾದದ್ದು 2/3. ತೂಕ 9 ಮತ್ತು 1 ಇದ್ದರೆ 17/18, ಬರಬೇಕಾದದ್ದು 9/10. ಸಣ್ಣವರ ಪಾಲು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಸರಿಯಾದದ್ದು ಅಲಾರಂ ಲೆಕ್ಕವೇ. ಎಕ್ಸೆಲ್‌ನ ‘ರ‍್ಯಾಂಡ್’ ಕೊಡುವ ಸಂಖ್ಯೆಯನ್ನು 1ರಲ್ಲಿ ಕಳೆಯಿರಿ, ಅದರ ನ್ಯಾಚುರಲ್ ಲಾಗ್ ತೆಗೆಯಿರಿ, ಮುಂದೆ ಮೈನಸ್ ಹಾಕಿ, ತೂಕದಿಂದ ಭಾಗಿಸಿ. ಈ ಕಾಲಂ ಅನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ ಮೇಲಿನ ಇಬ್ಬರು ನಿಮ್ಮ ವಿಜೇತರು. 1ರಲ್ಲಿ ಕಳೆಯುವುದೇಕೆ ಅಂದರೆ ರ‍್ಯಾಂಡ್‌ಗೆ ಸೊನ್ನೆ ಬರುವ ಅವಕಾಶ ಇದೆ, ಸೊನ್ನೆಯ ಲಾಗ್ ಕೇಳಿದರೆ ಎರರ್ ಬರುತ್ತದೆ. ಜೋಡಿಸುವ ಮೊದಲು ಕಾಲಂ ಅನ್ನು ಕಾಪಿ ಮಾಡಿ ‘ಪೇಸ್ಟ್ ವ್ಯಾಲ್ಯೂಸ್’ ಕೊಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಶೀಟ್ ಮುಟ್ಟಿದಾಗಲೆಲ್ಲ ಸಂಖ್ಯೆ ಬದಲಾಗಿ, ಪರದೆಯ ಮೇಲೆ ಕಂಡ ವಿಜೇತರು ಮರುಕ್ಷಣ ಬೇರೆಯಾಗುತ್ತಾರೆ. ಎಫ್ರೈಮಿಡಿಸ್ ಮತ್ತು ಸ್ಪಿರಾಕಿಸ್ 2006ರಲ್ಲಿ ಪ್ರಕಟಿಸಿದ ವಿಧಾನ ಇದರ ಅವಳಿ: ಯಾದೃಚ್ಛಿಕ ಸಂಖ್ಯೆಗೆ 1/ತೂಕದ ಘಾತ ಕೊಟ್ಟು ದೊಡ್ಡವನ್ನು ಆರಿಸುವುದು. ಪಟ್ಟಿಯ ಮೇಲೆ ಒಂದೇ ಸಲ ಕಣ್ಣಾಡಿಸಿದರೆ ಸಾಕಾಗುವುದರಿಂದ ಕೋಟಿ ಸಾಲುಗಳ ಕಡತಕ್ಕೂ ಹೊಂದುತ್ತದೆ.

ಪ್ರಶ್ನೆ: ಸಂಶೋಧನೆಗೆ ನಾಲ್ಕು ಹಳ್ಳಿಗಳಲ್ಲಿ ಎರಡನ್ನು ಆರಿಸಬೇಕಿತ್ತು. ಮನೆಗಳು 400, 300, 200, 100. ಮನೆ ಸಂಖ್ಯೆಗೆ ಅನುಗುಣವಾಗಿ ಒಂದರ ಹಿಂದೆ ಒಂದನ್ನು ಎತ್ತಿದೆ. ಆಮೇಲೆ ಪ್ರತಿ ಹಳ್ಳಿಯ ಸೇರ್ಪಡೆ ಸಂಭವನೀಯತೆ (ಆಯ್ಕೆಯಲ್ಲಿ ಸೇರುವ ಸಾಧ್ಯತೆ) ಒಟ್ಟು ಮನೆಗಳಲ್ಲಿ ಅದರ ಪಾಲಿನ ಎರಡರಷ್ಟು, ಅಂದರೆ 0.8, 0.6, 0.4, 0.2 ಅಂತ ಹಾಕಿದೆ. ಮಾರ್ಗದರ್ಶಕರು ಒಪ್ಪುತ್ತಿಲ್ಲ. (ಧಾರವಾಡ)

ಮಾರ್ಗದರ್ಶಕರು ಸರಿ. ಎತ್ತಿದ್ದು ಒಂದು ಪದ್ಧತಿಯಲ್ಲಿ, ಲೆಕ್ಕ ಹಾಕಿದ್ದು ಇನ್ನೊಂದಕ್ಕೆ. ತಪ್ಪು ಎಷ್ಟರ ಮಟ್ಟಿನದು ನೋಡಿ. ಊರಿಗೊಂದರಂತೆ ನಾಲ್ಕು ಶಾಲೆ ಇವೆ ಅಂದುಕೊಳ್ಳಿ. 1952ರ ಹೋರ್ವಿಟ್ಜ್–ಥಾಂಪ್ಸನ್ ಅಂದಾಜಿನಲ್ಲಿ ಆಯ್ಕೆಯಾದ ಪ್ರತಿ ಊರಿನ ಶಾಲೆಯನ್ನು ಅದರ ಸೇರ್ಪಡೆ ಸಂಭವನೀಯತೆಯಿಂದ ಭಾಗಿಸಿ ಕೂಡುತ್ತೇವೆ. ನೀವು ಹಾಕಿದ ಸಂಖ್ಯೆಗಳಿಂದ ಸರಾಸರಿ ಉತ್ತರ 4.18 ಬರುತ್ತದೆ, ಬರಬೇಕಾದದ್ದು 4. ಸಣ್ಣ ಊರು ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಸಲ ಆಯ್ಕೆಯಾಗುತ್ತದೆ, ಬಂದಾಗಲೆಲ್ಲ 0.2ರಿಂದ ಭಾಗಿಸಿ ಐದು ಶಾಲೆ ಅಂತ ಎಣಿಸುತ್ತೀರಿ. ಅಳೆಯುವ ವಿಷಯ ಮನೆ ಸಂಖ್ಯೆಗೆ ಸರಿಯಾಗಿ ಅನುಗುಣವಾಗಿದ್ದರೆ ಈ ತಪ್ಪು ಕಾಣಿಸುವುದೇ ಇಲ್ಲ. ಹೀಗಾಗಿಯೇ ಇದು ಬಹಳ ವರದಿಗಳಲ್ಲಿ ಸದ್ದಿಲ್ಲದೆ ಉಳಿದುಬಿಡುತ್ತದೆ ಅನ್ನುವುದು ನಮ್ಮ ಅನಿಸಿಕೆ.

ಕ್ಷೇತ್ರಕಾರ್ಯ ಆಗಿಹೋಗಿದ್ದರೆ ಎರಡು ದಾರಿ. ಸರಿಯಾದ 0.7159, 0.6083, 0.4413, 0.2345 ಹಾಕಿ. ಇಲ್ಲವೇ ಯಾವ ಊರು ಮೊದಲು ಬಂತು ಅಂತ ಬರೆದಿಟ್ಟಿದ್ದರೆ ದೇಸ್ ರಾಜ್ 1956ರಲ್ಲಿ ಕೊಟ್ಟ ಅಂದಾಜು ಬಳಸಿ, ಅದಕ್ಕೆ ಸೇರ್ಪಡೆ ಸಂಭವನೀಯತೆಯೇ ಬೇಡ. ಮೊದಲ ಊರಿನ ಬೆಲೆಯನ್ನು ಅದರ ಪಾಲಿನಿಂದ ಭಾಗಿಸಿ, ಇದು ಮೊದಲ ಸಂಖ್ಯೆ. ಎರಡನೆಯ ಊರಿನ ಬೆಲೆಯನ್ನು (1 − ಮೊದಲ ಊರಿನ ಪಾಲು)ರಿಂದ ಗುಣಿಸಿ, ತನ್ನ ಪಾಲಿನಿಂದ ಭಾಗಿಸಿ, ಮೊದಲ ಊರಿನ ಬೆಲೆ ಸೇರಿಸಿ, ಇದು ಎರಡನೆಯದು. ಎರಡರ ಸರಾಸರಿಯೇ ಉತ್ತರ, ಅವುಗಳ ಅಂತರದ ವರ್ಗದ ಕಾಲುಭಾಗ ಪ್ರಸರಣದ (ಉತ್ತರ ಎಷ್ಟು ಏರುಪೇರಾಗಬಹುದು ಅನ್ನುವ ಅಳತೆಯ) ಅಂದಾಜು. ಮೊದಲು 400 ಮನೆಯ ಊರು, ಆಮೇಲೆ 300ರದು ಬಂದಿದ್ದರೆ ಶಾಲೆಯ ಲೆಕ್ಕ 1/0.4 = 2.5 ಮತ್ತು 1 + 0.6/0.3 = 3, ಸರಾಸರಿ 2.75. ಒಂದೇ ಆಯ್ಕೆಯಲ್ಲಿ 4 ಬರಲಿಲ್ಲ ಅಂತ ಗಾಬರಿ ಬೇಡ, ಎಲ್ಲ ಆಯ್ಕೆಗಳ ಸರಾಸರಿ 4. ಕ್ರಮವನ್ನು ಬರೆದಿಡದವರಿಗೆ, ಎರಡೂ ಕ್ರಮಗಳನ್ನು ಅವುಗಳ ಸಾಧ್ಯತೆಗೆ ತಕ್ಕಂತೆ ಬೆರೆಸುವ ಮೂರ್ತಿ ಅವರ 1957ರ ಅಂದಾಜು ಇದೆ.

ಇನ್ನೂ ಆಯ್ಕೆ ಮಾಡಬೇಕಿರುವವರು ನಿಜವಾಗಿ 0.8, 0.6, 0.4, 0.2 ಬೇಕೆಂದರೆ ವ್ಯವಸ್ಥಿತ ಪದ್ಧತಿ ಹಿಡಿಯಿರಿ. ಮನೆಗಳ ಸಂಚಿತ ಮೊತ್ತ ಬರೆಯಿರಿ: 400, 700, 900, 1000. ಒಟ್ಟು 1000, ಊರು ಎರಡು, ಹಾಗಾಗಿ ಜಿಗಿತ 500. 1ರಿಂದ 500ರೊಳಗೆ ಒಂದು ಯಾದೃಚ್ಛಿಕ ಸಂಖ್ಯೆ ತೆಗೆಯಿರಿ. 237 ಬಂತು ಅನ್ನಿ: 237 ಮೊದಲ ಊರಿನೊಳಗೆ, 737 ಮೂರನೆಯದರೊಳಗೆ. ಆ ಎರಡು ಊರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಗ್ರಾಮಾಂತರದ ಹಳ್ಳಿಗಳನ್ನು ಗಾತ್ರಕ್ಕೆ ಅನುಗುಣವಾಗಿಯೇ ಆರಿಸುತ್ತಾರೆ. ಯಾವುದೇ ಊರಿನ ಗಾತ್ರ ಜಿಗಿತಕ್ಕಿಂತ ದೊಡ್ಡದಿದ್ದರೆ ಅದು ಎರಡು ಸಲ ಬರಬಹುದು. ಅಂಥದನ್ನು ಖಚಿತವಾಗಿ ಆಯ್ಕೆಯಾದದ್ದೆಂದು ಬೇರೆ ಇಟ್ಟು, ಉಳಿದವಕ್ಕೆ ಹೊಸ ಜಿಗಿತ ಹಾಕಿ.

ಇದಕ್ಕೂ ಒಂದು ಬೆಲೆ ತೆರಬೇಕು. 500 ಆರಂಭಗಳನ್ನೂ ಪರೀಕ್ಷಿಸಿದರೆ ಬರುವ ಜೋಡಿಗಳು ಮೂರೇ: ಒಂದು–ಎರಡು, ಒಂದು–ಮೂರು, ಎರಡು–ನಾಲ್ಕು. ಉಳಿದ ಮೂರು ಜೋಡಿ ಎಂದೂ ಬರುವುದಿಲ್ಲ, ಆದ್ದರಿಂದ ಪ್ರಸರಣವನ್ನು ಪಕ್ಷಪಾತವಿಲ್ಲದೆ (ಸರಾಸರಿಯಲ್ಲಿ ಸರಿಯಾಗಿ ಬರುವಂತೆ) ಅಂದಾಜಿಸಲು ಆಗುವುದಿಲ್ಲ. ಪಟ್ಟಿಯ ಕ್ರಮವನ್ನು ಮೊದಲೇ ಕಲಸಿಕೊಂಡರೆ ಈ ತೊಂದರೆ ಬಹುಮಟ್ಟಿಗೆ ನೀಗುತ್ತದೆ. 1962ರ ರಾವ್–ಹಾರ್ಟ್ಲಿ–ಕಾಕ್ರನ್ ಪದ್ಧತಿ ಇನ್ನೂ ಸರಳ: ಊರುಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಪ್ರತಿ ಗುಂಪಿನಿಂದ ಗಾತ್ರಕ್ಕೆ ತಕ್ಕಂತೆ ಒಂದೊಂದನ್ನು ಎತ್ತುವುದು. ಇಲ್ಲಿ ಸೇರ್ಪಡೆ ಪಾಲಿಗೆ ಕರಾರುವಾಕ್ಕಾಗಿ ಅನುಗುಣವಾಗಿರುವುದಿಲ್ಲ, ಆದರೆ ಅದಕ್ಕೆಂದೇ ಇರುವ ಅಂದಾಜು ಸೂತ್ರ ಪಕ್ಷಪಾತವಿಲ್ಲದ್ದು, ಪ್ರಸರಣವನ್ನೂ ಸಲೀಸಾಗಿ ಕೊಡುತ್ತದೆ.

ಪ್ರಶ್ನೆ: ಗಾತ್ರಕ್ಕೆ ತಕ್ಕಂತೆ ಊರು ಆರಿಸುವ ಲಾಹಿರಿ ಪದ್ಧತಿಯಲ್ಲಿ ಸಂಖ್ಯೆ ತಿರಸ್ಕೃತವಾದರೆ ಊರನ್ನು ಹಾಗೇ ಇಟ್ಟು ಸಂಖ್ಯೆಯನ್ನಷ್ಟೇ ಮತ್ತೆ ತೆಗೆಯಬಹುದೆ? (ಕಲಬುರಗಿ)

ಕೂಡದು. ಡಿ. ಬಿ. ಲಾಹಿರಿ 1951ರಲ್ಲಿ ಕೊಟ್ಟ ಈ ವಿಧಾನದಲ್ಲಿ ಮೊದಲು ಊರನ್ನು ಸಮಾನ ಸಾಧ್ಯತೆಯಿಂದ ಎತ್ತಿ, ಆಮೇಲೆ 1ರಿಂದ ಅತಿದೊಡ್ಡ ಗಾತ್ರದೊಳಗೆ (ಇಲ್ಲಿ 400) ಒಂದು ಸಂಖ್ಯೆ ತೆಗೆಯುತ್ತೇವೆ. ಸಂಖ್ಯೆ ಊರಿನ ಗಾತ್ರದೊಳಗಿದ್ದರೆ ಆಯ್ಕೆ, ಮೀರಿದರೆ ಎರಡನ್ನೂ ಬಿಟ್ಟು ಹೊಸದಾಗಿ ಶುರು. ಊರನ್ನು ಕೈಯಲ್ಲಿ ಹಿಡಿದುಕೊಂಡೇ ಸಂಖ್ಯೆ ತೆಗೆಯುತ್ತಾ ಹೋದರೆ ಒಂದಲ್ಲ ಒಂದು ಸಲ ಅದು ಒಪ್ಪಿಗೆಯಾಗಿಯೇ ತೀರುತ್ತದೆ. ಆಗ 100 ಮನೆಯ ಊರಿಗೂ 400ರದಕ್ಕೂ ಸಾಧ್ಯತೆ 1/4, ಗಾತ್ರ ಲೆಕ್ಕಕ್ಕೇ ಬರಲಿಲ್ಲ.

ಪ್ರಶ್ನೆ: ಎನ್‌ಬಿಎ (ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್) ಡ್ರಾಫ್ಟ್ ಲಾಟರಿಯಲ್ಲಿ, ಅಂದರೆ ಹೊಸ ಆಟಗಾರರನ್ನು ಆರಿಸಲು ತಂಡಗಳ ಸರದಿ ನಿರ್ಧರಿಸುವ ಚೀಟಿಯಲ್ಲಿ, ಕೊನೆಯ ಸ್ಥಾನದ ತಂಡಕ್ಕೆ ಮೊದಲ ಆಯ್ಕೆ ಸಿಗುವುದು ಶೇ. 14. ಲಾಟರಿಯಿಂದ ನಿರ್ಧಾರವಾಗುವುದು ಮೊದಲ ನಾಲ್ಕು ಆಯ್ಕೆ. ಆದರೂ ಮೊದಲ ನಾಲ್ಕರಲ್ಲಿ ಬರುವುದು ಶೇ. 56 ಅಲ್ಲ, 52.1 ಅನ್ನುತ್ತಾರೆ. (ನ್ಯೂಜೆರ್ಸಿಯ ಕನ್ನಡತಿ)

ಹೋಟೆಲಿನವರ ಕಥೆಯೇ ಇದು. 2019ರ ಲಾಟರಿಯಿಂದ ಜಾರಿಗೆ ಬಂದ ನಿಯಮದಲ್ಲಿ 14 ತಂಡಗಳ ತೂಕ 140, 140, 140, 125, 105, 90, 75, 60, 45, 30, 20, 15, 10, 5. ಒಟ್ಟು 1000. ತೂಕ ಬರುವುದು ಹೀಗೆ: 1ರಿಂದ 14ರವರೆಗಿನ ಚೆಂಡುಗಳಲ್ಲಿ ನಾಲ್ಕನ್ನು ಎತ್ತಿದರೆ 1,001 ಸಂಯೋಜನೆ. ಒಂದನ್ನು ಯಾರಿಗೂ ಕೊಡದೆ 1000ವನ್ನು ತಂಡಗಳಿಗೆ ಹಂಚುತ್ತಾರೆ. ಆಗಲೇ ಗೆದ್ದ ತಂಡದ್ದೋ ಹಂಚದೆ ಬಿಟ್ಟದ್ದೋ ಬಂದರೆ ಮತ್ತೆ ಎತ್ತುತ್ತಾರೆ, ಪಕ್ಕಕ್ಕಿಟ್ಟು ಮುಂದಿನದನ್ನು ಎತ್ತುವ ನಿಯಮವೇ. ಎರಡನೆಯ ಆಯ್ಕೆಗೆ, ಉಳಿದ 13 ತಂಡಗಳಲ್ಲಿ ಪ್ರತಿಯೊಂದರ ತೂಕವನ್ನು (1000 − ಅದರ ತೂಕ)ದಿಂದ ಭಾಗಿಸಿ ಕೂಡಿದರೆ 0.9584, ಅದನ್ನು 0.14ರಿಂದ ಗುಣಿಸಿದರೆ 0.1342. ಮೂರನೆಯದಕ್ಕೆ ಶೇ. 12.7, ನಾಲ್ಕನೆಯದಕ್ಕೆ 12.0. ನಾಲ್ಕೂ ಸೇರಿ 52.1. ಎದುರಿನ ತುದಿಯಲ್ಲಿ 5 ಸಂಯೋಜನೆಯ ತಂಡಕ್ಕೆ ಶೇ. 2 ಅಲ್ಲ, 2.4.

ಪ್ರಶ್ನೆ: ಲೆಕ್ಕ ಸರಿ ಮಾಡಿದರೂ ಡಬ್ಬದಲ್ಲಿ ಎಡವಟ್ಟಾಗುವುದು ಹೇಗೆ? (ಉಡುಪಿ)

ಕಲಸುವುದರಲ್ಲಿ. 1969ರ ಡಿಸೆಂಬರ್ 1ರಂದು ಅಮೆರಿಕದಲ್ಲಿ ಸೇನಾ ಭರ್ತಿಗೆ ವರ್ಷದ 366 ದಿನಗಳನ್ನು ಕ್ಯಾಪ್ಸೂಲಿನಲ್ಲಿಟ್ಟು ಎತ್ತಿದರು. ತಿಂಗಳ ಕ್ರಮದಲ್ಲಿ ಸುರಿದು ಸಾಕಷ್ಟು ಕಲಸದೇ ಇದ್ದದ್ದರಿಂದ ವರ್ಷದ ಕೊನೆಯ ತಿಂಗಳ ದಿನಗಳು ಎದ್ದು ಕಾಣುವಷ್ಟು ಬೇಗ ಬಂದವು. ಅಲ್ಲಿ ಎಲ್ಲ ದಿನಕ್ಕೂ ಸಮ ತೂಕ ಇತ್ತು. ನಿಮ್ಮ ಡಬ್ಬದಲ್ಲಿ ಒಬ್ಬರ 20 ಚೀಟಿ ಒಂದೇ ಬಿಲ್ಲಿನ ಕಟ್ಟಾಗಿ ಬಂದಿರುತ್ತದೆ, ಬಿಡಿಸದೆ ಹಾಕಿದರೆ ಒಂದೇ ಪದರದಲ್ಲಿ ಕೂರುತ್ತದೆ. ಒಂದೇ ಅಳತೆಯ, ಒಂದೇ ದಪ್ಪದ ಕಾಗದ ಇರಲಿ. ಎಲ್ಲವನ್ನೂ ಒಂದೇ ರೀತಿ ಮಡಿಸಿ, ಡಬ್ಬದ ಅರ್ಧ ಖಾಲಿ ಬಿಡಿ, ಪ್ರತಿ ಸಲ ಎತ್ತುವ ಮೊದಲೂ ಬುಡಮೇಲು ಮಾಡಿ ಕುಲುಕಿ. ಎತ್ತಿ ಪಕ್ಕಕ್ಕಿಟ್ಟ ಚೀಟಿಗಳನ್ನೂ ಎಸೆಯದೆ ಬಂದ ಕ್ರಮದಲ್ಲೇ ದಾರಕ್ಕೆ ಪೋಣಿಸಿಡಿ. ಯಾರಾದರೂ ತಕರಾರು ತೆಗೆದರೆ ತೋರಿಸಲು ಅದೇ ದಾಖಲೆ.